ಅಷ್ಟಮಿಯ ಶನಿವಾರಗಳು

ಜೆಟ್ಟಿಯ ಮೇಲೆ ವೇಳಾಪಟ್ಟಿ ಇರಲಿಲ್ಲ. ಒಂದು ಬಿಳಿ ಹಲಗೆ ಇತ್ತು. ಅದರ ಮೇಲೆ ನೀಲಿ ಶಾಯಿಯಲ್ಲಿ ಎರಡೇ ಎರಡು ಹೊತ್ತು ಬರೆದಿದ್ದರು: ಬೆಳಿಗ್ಗೆ ಏಳೂವರೆ, ಮಧ್ಯಾಹ್ನ ಒಂದು ನಲವತ್ತು. ನಾನು ಬಸ್ಸಿಳಿದು ಅಲ್ಲಿಗೆ ಬಂದಾಗ ಎರಡಕ್ಕೆ ಹತ್ತು ನಿಮಿಷವಿತ್ತು. ದೋಣಿ ಆಗಲೇ ನೀರಿನ ನಡುವೆ ಒಂದು ಬಿಳಿ ಚುಕ್ಕೆಯಾಗಿತ್ತು. ಹಿಂದಿನ ದಿನದ ಹೊತ್ತನ್ನು ಒರೆಸಿದ ಗುರುತು ಹಲಗೆಯ ಮೇಲೆ ಇನ್ನೂ ಮಸುಕಾಗಿ ಕಾಣುತ್ತಿತ್ತು. ಅದು ಬೇರೆಯೇ ಇತ್ತು. ಜನ ನೆಚ್ಚಿಕೊಂಡಿರುವ ದೋಣಿಯೊಂದು ದಿನಕ್ಕೊಂದು ಹೊತ್ತಿಗೆ ಹೊರಡುವುದೆಂದರೆ ಏನು ಎಂಬ ಸಿಟ್ಟಿನಲ್ಲಿ ನಾನು ಆ ಕಾಂಕ್ರೀಟಿನ ಮೇಲೆ ಅತ್ತಿಂದಿತ್ತ ನಡೆಯತೊಡಗಿದೆ.

ಆ ವರ್ಷ ನನ್ನ ಬದುಕೇ ಅತ್ತಿಂದಿತ್ತ ನಡೆಯುವುದಾಗಿತ್ತು. ಜಪಾನಿನ ರಾಜಧಾನಿಯ ಮಿನಾಟೋದಲ್ಲಿದ್ದ ನಮ್ಮ ಕಂಪನಿ ನನ್ನನ್ನು ಒಂದು ವರ್ಷದ ಮಟ್ಟಿಗೆ ದೂರದ ಫುಕುಯಾಮಾ ಊರಿನ ಗ್ರಾಹಕರ ಕಚೇರಿಗೆ ಕಳುಹಿಸಿತ್ತು. ಮಗಳ ಶಾಲೆ ತಪ್ಪಬಾರದೆಂದು ಗಂಡ, ಮಗಳು ರಾಜಧಾನಿಯ ಹತ್ತಿರದ ಗ್ಯೋಟೋಕುವಿನ ಮನೆಯಲ್ಲೇ ಉಳಿದಿದ್ದರು. ಒಂದು ಶನಿವಾರ ರೈಲು ಹಿಡಿದು ಮನೆಗೆ ಹೋಗುತ್ತಿದ್ದೆ. ಮುಂದಿನ ಶನಿವಾರ ಕಂಪನಿ ಕೊಟ್ಟ ಒಂಟಿ ಕೋಣೆಯಲ್ಲಿ ಉಳಿಯುತ್ತಿದ್ದೆ. ಉಳಿಯುವ ಶನಿವಾರ ಆ ನಾಲ್ಕು ಗೋಡೆಗಳ ನಡುವೆ ಕುಳಿತಿರುವುದು ನನ್ನಿಂದ ಆಗುತ್ತಿರಲಿಲ್ಲ. ಹಾಗಾಗಿ ದ್ವೀಪದಿಂದ ದ್ವೀಪಕ್ಕೆ ಸೇತುವೆ ಕಟ್ಟಿರುವ ಹೆದ್ದಾರಿಯ ಬಸ್ಸು ಹತ್ತಿ, ಸೆತೋ ಎಂಬ ಆ ಒಳಗಡಲಿನ ದಡಕ್ಕೆ ಬಂದುಬಿಡುತ್ತಿದ್ದೆ. ಈ ಜೆಟ್ಟಿಯ ಎದುರಿಗಿದ್ದದ್ದು ಸೇತುವೆ ತಲುಪದೆ ಉಳಿದಿದ್ದ ಒಂದು ಚಿಕ್ಕ ದ್ವೀಪ.

ಇನ್ನೊಂದು ಮಾತನ್ನೂ ಮೊದಲೇ ಹೇಳಬೇಕು. ಮೈಸೂರಿನ ಕಾಲೇಜಿನಲ್ಲಿ ಮೂರು ವರ್ಷ ನಾನು ಚರ್ಚಾ ತಂಡದಲ್ಲಿದ್ದೆ. ‘ಪಂಚಾಂಗ ಸಮಾಜದ ಪ್ರಗತಿಗೆ ಅಡ್ಡಿ’ ಎಂಬ ವಿಷಯದ ಪರವಾಗಿ ಮಾತನಾಡಿ ಕಾಲೇಜಿಗೆ ಪಾರಿತೋಷಕ ತಂದುಕೊಟ್ಟವಳು. ಸರಿಯಾದದ್ದನ್ನು ಪುರಾವೆಯಿಂದ ಸಾಧಿಸಬಹುದು, ಸಾಧಿಸಿದ್ದನ್ನು ಜನ ಒಪ್ಪಿ ನಡೆಯುತ್ತಾರೆ ಎಂಬ ನಂಬಿಕೆ ಆ ವೇದಿಕೆಯಿಂದ ಇಳಿದ ಮೇಲೂ ನನ್ನನ್ನು ಬಿಡಲಿಲ್ಲ. ಗ್ಯೋಟೋಕುವಿನಲ್ಲಿ ಭಾರತೀಯರ ಮನೆಗಳ ಕಸ ವಿಂಗಡಣೆಗೆ ಕನ್ನಡದಲ್ಲಿ ಪಟ್ಟಿ ಮಾಡಿ ಹಂಚಿದವಳೂ ನಾನೇ. ಅಂಥವಳ ಕಣ್ಣಿಗೆ ಆ ಬಿಳಿ ಹಲಗೆ ಬಿತ್ತು.

ಮುಕ್ಕಾಲು ಗಂಟೆಯ ಬಳಿಕ ದೋಣಿ ಕಿತ್ತಳೆ ತುಂಬಿದ ಪೆಟ್ಟಿಗೆಗಳೊಂದಿಗೆ ಮರಳಿ ಬಂತು. ಚುಕ್ಕಾಣಿ ಹಿಡಿದಿದ್ದವರು ಎಪ್ಪತ್ತು ದಾಟಿದ ಕ್ಯಾಪ್ಟನ್. ಎಲ್ಲರೂ ಅವರನ್ನು ಸೆಂಚೋ-ಸಾನ್ ಎನ್ನುತ್ತಿದ್ದರು, ಹಡಗಿನ ಯಜಮಾನರೇ ಎಂಬಂತೆ. ಪೆಟ್ಟಿಗೆ ಇಳಿಸುತ್ತಿದ್ದಾಕೆ ದ್ವೀಪದ ಕಿತ್ತಳೆ ತೋಟದೊಡತಿ, ಅರವತ್ತರ ಆಸುಪಾಸು, ತಲೆಗೆ ಹೂವಿನ ಬಟ್ಟೆ, ಕಣ್ಣಿಗೆ ದಪ್ಪ ಕನ್ನಡಕ. ನನ್ನ ಹರಕು ಜಪಾನಿಯಲ್ಲೇ ಕೇಳಿದೆ: “ಸುಮಿಮಾಸೆನ್, ನಾಳೆ ದೋಣಿ ಎಷ್ಟು ಗಂಟೆಗೆ ಅಂತ ಇವತ್ತು ಹೇಗೆ ಗೊತ್ತಾಗುತ್ತೆ?”

“ಫೋನ್ ಮಾಡಿ ಕೇಳ್ತೀವಿ,” ಎಂದರು ತೋಟದಾಕೆ.

“ಯಾರಿಗೆ?”

“ಇವರಿಗೇ. ಇವರು ಊಟ ಮಾಡ್ತಿದ್ರೆ ಎತ್ತಲ್ಲ. ಆಗ ಮನೆಗೆ ಹೋಗಿ ಕೇಳ್ತೀವಿ.”

ಸೆಂಚೋ-ಸಾನ್ ನಗಲಿಲ್ಲ. “ಇನ್ನು ಕೇಳೋದೇ ಬೇಕಾಗಲ್ಲ ಬಿಡಿ,” ಎಂದರು. ಮಾರ್ಚ್ ಕೊನೆಗೆ ದೋಣಿ ನಿಲ್ಲಲಿತ್ತು. ಹೊತ್ತು ಗೊತ್ತಿಲ್ಲದ ದೋಣಿಯನ್ನು ಸಾರ್ವಜನಿಕ ಸಾರಿಗೆಯೆಂದು ಪಟ್ಟಿಗೆ ಸೇರಿಸಲಾಗದು, ಪಟ್ಟಿಯಲ್ಲಿಲ್ಲದ ದೋಣಿಗೆ ಅನುಮತಿ ಮುಂದುವರಿಸಲಾಗದು ಎಂದು ಪುರಸಭೆ ತಿಳಿಸಿತ್ತಂತೆ. ದ್ವೀಪದ ಜನಕ್ಕೆ ಆಸ್ಪತ್ರೆ, ಅಂಗಡಿ, ಹಣ್ಣಿನ ಮಾರುಕಟ್ಟೆ ಎಲ್ಲವೂ ಈಚೆ ದಡದಲ್ಲಿ. ದೋಣಿ ನಿಂತರೆ ತೋಟ ಬಿಟ್ಟು ಈಚೆಯ ಬಹುಮಹಡಿ ವಸತಿಗೃಹಕ್ಕೆ ಬನ್ನಿ ಎಂಬ ಸಲಹೆಯೂ ಬಂದಿತ್ತು. “ಮರಗಳನ್ನ ಎಲಿವೇಟರಲ್ಲಿ ಹತ್ತಿಸೋಕಾಗಲ್ಲವಲ್ಲ,” ಎಂದರು ತೋಟದಾಕೆ, ಪೆಟ್ಟಿಗೆಯ ಹಗ್ಗ ಬಿಗಿಯುತ್ತ.

ಪುರಸಭೆಯ ವಾದ ನನಗೆ ಸರಿಯೆನಿಸಿತು. ದೋಣಿ ನಿಲ್ಲಬಾರದೆಂಬುದೂ ಸರಿಯೆನಿಸಿತು. ಎರಡನ್ನೂ ಒಟ್ಟಿಗೆ ಸಾಧಿಸುವ ದಾರಿ ನನ್ನ ಕಣ್ಣಿಗೆ ಸ್ಪಷ್ಟವಾಗಿತ್ತು: ನಿಗದಿತ ವೇಳಾಪಟ್ಟಿ. ವೈದ್ಯರ ಬಳಿ ಹೋಗಲು ಯಾರೂ ಇನ್ನೊಬ್ಬರ ಊಟದ ಹೊತ್ತು ಕಾಯಬೇಕಾಗಿ ಬರಬಾರದು.

ಸೆಂಚೋ-ಸಾನ್‌ಗೆ ಇದನ್ನು ಹೇಳಿದಾಗ ಅವರು ತುಸು ಹೊತ್ತು ನೀರಿನ ಕಡೆ ನೋಡಿ, “ಇಲ್ಲಿ ಸೆಳವು ಇದೆ, ನೋಡಿ,” ಎಂದರು. ಉಬ್ಬರ ಇಳಿತಗಳಲ್ಲಿ ಇಡೀ ಒಳಗಡಲಿನ ನೀರು ದ್ವೀಪಗಳ ನಡುವಿನ ಇಕ್ಕಟ್ಟುಗಳಲ್ಲಿ ನುಗ್ಗುತ್ತದೆ. ಸುಮಾರು ಆರು ಗಂಟೆಗೊಮ್ಮೆ ನಿಂತು, ತಿರುಗಿ, ಎದುರು ದಿಕ್ಕಿಗೆ ಹರಿಯುತ್ತದೆ. ನೀರು ನಿಲ್ಲುವ ಹೊತ್ತಿಗೆ ಅವರು ದೋಣಿ ಬಿಡುತ್ತಿದ್ದರು. ಆ ಹೊತ್ತು ದಿನವೂ ಮುಕ್ಕಾಲು ಗಂಟೆಯಷ್ಟು ತಡವಾಗುವುದರಿಂದ ಹಲಗೆಯನ್ನೂ ದಿನವೂ ಒರೆಸಬೇಕಾಗುತ್ತಿತ್ತು.

“ನೀರು ಹರಿಯುವಾಗ ಹೋಗೋಕೇ ಆಗಲ್ಲವೇ?”

“ಇವತ್ತು ಆಗುತ್ತೆ,” ಎಂದರು.

“ಹಾಗಾದರೆ ಹೋಗೋಣ.”

ಹೋದೆವು. ಗಡಿಯಾರ ಹಿಡಿದು ಕುಳಿತಿದ್ದೆ. ಇಪ್ಪತ್ತೈದು ನಿಮಿಷ.

ಹೀಗೆ ಮನೆಗೆ ಹೋಗದ ಪ್ರತಿ ಶನಿವಾರವೂ ದ್ವೀಪಕ್ಕೆ ಹೋಗತೊಡಗಿದೆ. ನವೆಂಬರಿನಿಂದ ಜನವರಿಯವರೆಗೆ ಐದು ಶನಿವಾರ. ಬೆಳಿಗ್ಗೆ, ನಡುಹಗಲು, ಸಂಜೆ, ಅವರ ಹಲಗೆಯ ಹೊತ್ತನ್ನು ಬೇಕೆಂದೇ ತಪ್ಪಿಸಿ ದೋಣಿ ಬಿಡಿಸಿ ಅಳೆದೆ. ಇಪ್ಪತ್ತನಾಲ್ಕು, ಇಪ್ಪತ್ತೇಳು, ಇಪ್ಪತ್ತೈದು. ಒಮ್ಮೆಯೂ ಮೂವತ್ತು ದಾಟಲಿಲ್ಲ. ಪ್ರತಿ ಸಲ ನಾನು ಬಂದಾಗಲೂ ಸೆಂಚೋ-ಸಾನ್, “ನೀವು ಬರೋ ದಿನ ಸಮುದ್ರ ಚೆನ್ನಾಗಿರುತ್ತೆ, ಸೆನ್ಸೇ,” ಎನ್ನುತ್ತಿದ್ದರು. ಸೆನ್ಸೇ, ಅಂದರೆ ಮೇಷ್ಟ್ರೇ, ಎಂದು ಅವರು ಕರೆಯುತ್ತಿದ್ದುದು ನನ್ನ ಗಡಿಯಾರವನ್ನು ಕಂಡು, ಅದರಲ್ಲಿ ಕೀಟಲೆಯಿತ್ತು. ಉಳಿದದ್ದನ್ನು ನಾನು ಜಪಾನೀಯರ ಸೌಜನ್ಯವೆಂದು ತಿಳಿದು ತಲೆಬಾಗಿ ‘ಅರಿಗಾತೋ’ ಎಂದು ವಂದಿಸುತ್ತಿದ್ದೆ.

ಆ ಪಯಣಗಳಲ್ಲಿ ಅವರು ತಮ್ಮ ಹಳೆಯ ಕೆಲಸದ ಬಗ್ಗೆ ಹೇಳುತ್ತಿದ್ದರು. ಮೂವತ್ತು ವರ್ಷ ಸರಕಿನ ಹಡಗುಗಳನ್ನು ಒಸಾಕಾದಿಂದ ಕ್ಯೂಷೂವಿನತ್ತ ಈ ದ್ವೀಪಗಳ ನಡುವೆಯೇ ನಡೆಸಿದ್ದವರು. ಕುರುಶಿಮಾ ಜಲಸಂಧಿಯಲ್ಲಿ ದಡದ ಮೇಲೆ ದೊಡ್ಡ ವಿದ್ಯುತ್ ಫಲಕವೊಂದು ನೀರು ಯಾವ ಕಡೆಗೆ ಎಷ್ಟು ವೇಗವಾಗಿ ಹರಿಯುತ್ತಿದೆ, ಇನ್ನೂ ಏರುವುದೋ ಇಳಿಯುವುದೋ ಎಂದು ತೋರಿಸುತ್ತದಂತೆ. ಸೆಳವಿನ ಜೊತೆಗೆ ಹೋಗುವ ಹಡಗಿಗೆ ನಡುವಿನ ನೇರ ದಾರಿ, ಸೆಳವಿಗೆ ಎದುರಾಗಿ ಹೋಗುವ ಹಡಗಿಗೆ ಪಶ್ಚಿಮದ ಬಳಸುದಾರಿ. ನೀರು ತಿರುಗಿದರೆ ದಾರಿಗಳೂ ಅದಲುಬದಲು. ಬೇರೆಲ್ಲ ಕಡೆ ಬಲಕ್ಕೆ ಸರಿದು ಹೋಗುವ ಹಡಗುಗಳು ಅಲ್ಲಿ ದಿನದ ಅರ್ಧ ಹೊತ್ತು ಎಡಕ್ಕೆ ಸರಿದು ಹೋಗುತ್ತವೆ.

“ಗೊಂದಲ ಆಗಲ್ಲವೇ?”

“ಕಾನೂನು ಹಾಗೇ ಇದೆ. ಗೊಂದಲ ಆಗೋದು ಫಲಕ ನೋಡದೆ ಹೋದವರಿಗೆ.”

ಕೇಳಿದೆ, ಮೆಚ್ಚಿದೆ, ಟಿಪ್ಪಣಿ ಮಾಡಿಕೊಳ್ಳಲಿಲ್ಲ.

ಫೆಬ್ರವರಿಯಲ್ಲಿ ದ್ವೀಪದವರ ಪರವಾಗಿ ನಾನೇ ಬರೆದ ಅರ್ಜಿ ಪುರಸಭೆಗೆ ಹೋಯಿತು. ಎಂಟು, ಹತ್ತು, ಎರಡು, ನಾಲ್ಕು ಗಂಟೆಗೆ ದ್ವೀಪದಿಂದ ದೋಣಿ ಹೊರಡುವುದು. ಮೂವತ್ತು ನಿಮಿಷದೊಳಗೆ ತಲುಪುವುದು. ಜೊತೆಗೆ ನನ್ನ ಐದು ಶನಿವಾರಗಳ ಅಳತೆಯ ಪಟ್ಟಿ. ಅರ್ಜಿಯನ್ನು ಓದಿದ ಅಧಿಕಾರಿ, ಕೈಯಲ್ಲಿ ಸದಾ ಕಡತ ಹಿಡಿದಿರುತ್ತಿದ್ದ ನಲವತ್ತರ ವಯಸ್ಸಿನ ಸೌಮ್ಯ ಮನುಷ್ಯ, ಇಂಥ ಅಚ್ಚುಕಟ್ಟಾದ ಅರ್ಜಿ ಬಂದದ್ದೇ ಇಲ್ಲವೆಂದರು. ಎರಡು ವಾರ ಈ ಪಟ್ಟಿಯಂತೆ ದೋಣಿ ಓಡಿಸಿ ತೋರಿಸಿ, ನಡುವೆ ಒಂದು ದಿನ ನಾನೇ ಬಂದು ನೋಡುತ್ತೇನೆ, ಆಮೇಲೆ ಅನುಮತಿಯ ಮಾತು, ಎಂದರು. ಸೆಂಚೋ-ಸಾನ್ ಅರ್ಜಿಗೆ ಸಹಿಯ ಬದಲಿನ ತಮ್ಮ ಮುದ್ರೆ ಒತ್ತುವ ಮುನ್ನ ಕೇಳಿದ್ದು ಒಂದೇ ಪ್ರಶ್ನೆ: “ದಿನಾನೂ ಇದೇ ಹೊತ್ತಾ?” ದಿನವೂ, ಎಂದೆ. ದೋಣಿಯನ್ನು ಉಳಿಸಲು ಇವಳು ಇಷ್ಟು ಓಡಾಡಿದ್ದಾಳೆ ಎಂಬ ಋಣ ಅವರ ಕೈಯನ್ನು ಹಿಡಿಯಿತೇನೋ. ಮುದ್ರೆ ಒತ್ತಿದರು.

ಮೊದಲ ವಾರ ನಿಮಿಷ ತಪ್ಪಲಿಲ್ಲ. ಎರಡನೆಯ ವಾರದ ಮಂಗಳವಾರ ಅಧಿಕಾರಿ ಬರುವವರಿದ್ದರು. ಸೋಮವಾರ ಸೆಂಚೋ-ಸಾನ್ ಹೇಗೋ ನಿಭಾಯಿಸಿದರೆಂದು ಫೋನಿನಲ್ಲಿ ಕೇಳಿದೆ. ಹೇಗೆ ಎಂದು ವಿಚಾರಿಸಲಿಲ್ಲ.

ಮಂಗಳವಾರ ನಾನು ರಜೆ ಹಾಕಿ, ಹಿಂದಿನ ಸಂಜೆಯೇ ದ್ವೀಪಕ್ಕೆ ಹೋಗಿ ಉಳಿದಿದ್ದೆ. ಅಧಿಕಾರಿ ಎಂಟರ ದೋಣಿಯ ಮರುಪಯಣದಲ್ಲಿ ಬಂದು, ದ್ವೀಪಕ್ಕೆ ಬರುವುದಕ್ಕೆ ಹಿಡಿದ ಹೊತ್ತನ್ನು ಕಡತದಲ್ಲಿ ಬರೆದುಕೊಂಡರು. ಹತ್ತರ ದೋಣಿಯಲ್ಲಿ ತೋಟದಾಕೆಯೂ ಇದ್ದರು. ನಗರದ ಕಣ್ಣಿನ ಆಸ್ಪತ್ರೆಯಲ್ಲಿ ಅಂದು ಅವರ ಸರದಿ. ಹತ್ತು ನಲವತ್ತರ ಬಸ್ಸು ಹಿಡಿಯಬೇಕಿತ್ತು. ಹತ್ತಾಯಿತು. ಸೆಂಚೋ-ಸಾನ್ ಹಗ್ಗ ಬಿಚ್ಚದೆ ನೀರನ್ನು ನೋಡುತ್ತ ನಿಂತಿದ್ದರು. ಇಕ್ಕಟ್ಟಿನ ನಡುವೆ ನೀರು ಮಡಚಿ ಮಡಚಿ ಹರಿಯುತ್ತಿತ್ತು. ಅಲ್ಲಲ್ಲಿ ತಟ್ಟೆಯಂತೆ ನುಣ್ಣಗಾಗಿ ತಿರುಗುತ್ತಿತ್ತು. ನಾನು ಅದನ್ನು ಹಾಗೆ ಎಂದೂ ಕಂಡಿರಲಿಲ್ಲ.

“ಒಂದೂವರೆ ಗಂಟೆ ಕಾಯೋಣ,” ಎಂದರು ಅವರು, ಮೆಲ್ಲಗೆ.

“ಸೆಂಚೋ-ಸಾನ್, ಹತ್ತು ಗಂಟೆ ಅಂತ ಬರೆದುಕೊಟ್ಟಿದ್ದೇವೆ.”

“ಗೊತ್ತು.”

“ಇವತ್ತು ತಪ್ಪಿದರೆ ನಾಳೆ ದೋಣಿಯೇ ಇರಲ್ಲ.”

ಅಧಿಕಾರಿ ಕೇಳಿಸದವರಂತೆ ಕಡತದೊಳಗೆ ನೋಡುತ್ತಿದ್ದರು. ನಾನು ನನ್ನ ಐದು ಶನಿವಾರಗಳನ್ನು ನೆನಪಿಸಿದೆ; ಒಂದೊಂದು ಅಳತೆಯನ್ನೂ ಬಾಯಿಪಾಠ ಹೇಳಿದೆ. ವೇದಿಕೆಯ ಮೇಲೆ ಎದುರಾಳಿ ಮೌನವಾದರೆ ಗೆದ್ದೆವೆಂದು ತಿಳಿಯುತ್ತಿದ್ದ ವಯಸ್ಸು ನನ್ನಿಂದ ಪೂರ್ತಿ ಕಳಚಿರಲಿಲ್ಲ. ಸೆಂಚೋ-ಸಾನ್ ಮೌನವಾಗಿ ಹಗ್ಗ ಬಿಚ್ಚಿದರು.

ಮೊದಲ ಹತ್ತು ನಿಮಿಷ ಎಲ್ಲ ಸರಿಯಿತ್ತು. ಇಕ್ಕಟ್ಟಿನ ಬಾಯಿಗೆ ಬಂದಾಗ ಎಂಜಿನ್ ಸದ್ದು ಏರಿತು. ದೋಣಿಯ ಮೂತಿಯಲ್ಲಿ ನೀರು ಎರಡಾಗಿ ಸೀಳುತ್ತಿತ್ತು, ಹಿಂದೆ ನೊರೆ ಚಿಮ್ಮುತ್ತಿತ್ತು, ನಾವು ಭರದಿಂದ ಓಡುತ್ತಿದ್ದೇವೆಂದೇ ನನಗನಿಸಿತು. ಸೆಂಚೋ-ಸಾನ್ ಗಲ್ಲ ಎತ್ತಿ ಪಕ್ಕದ ದಡ ತೋರಿಸಿದರು. ಅಲ್ಲಿ ಬಲೆ ಇಡುವ ಕೆಂಪು ತಗಡಿನ ಶೆಡ್ಡು, ಅದರ ಹಿಂದೆ ಗುಡ್ಡದ ಮೇಲೊಂದು ಒಂಟಿ ಪೈನ್ ಮರ. “ಶೆಡ್ಡೂ ಮರಾನೂ ಒಂದರ ಹಿಂದೆ ಒಂದು ನಿಂತಿದಾವಾ ನೋಡಿ. ನಾವು ಮುಂದೆ ಹೋಗ್ತಿದ್ರೆ ಮರ ಶೆಡ್ಡಿಂದ ಆಚೆ ಸರೀಬೇಕು.”

ಸರಿಯಲಿಲ್ಲ. ಐದು ನಿಮಿಷ ನೋಡಿದೆ, ಹತ್ತು ನಿಮಿಷ ನೋಡಿದೆ. ಮರ ಶೆಡ್ಡಿನ ಹಿಂದೆಯೇ ನಿಂತಿತ್ತು. ಒಮ್ಮೆ ಸರಿಯಿತು, ನಾವು ಹಿಂದಕ್ಕೆ ಹೋಗುತ್ತಿದ್ದ ಕಡೆಗೆ. ಪೆಟ್ಟಿಗೆಯೊಂದು ಜಾರಿ ಕಿತ್ತಳೆಗಳು ದೋಣಿಯ ತಳದಲ್ಲಿ ಉರುಳಾಡಿದವು. ತೋಟದಾಕೆ ಅವನ್ನು ಹೆಕ್ಕಲು ಬಗ್ಗಿದರು, ಗಡಿಯಾರ ನೋಡಲಿಲ್ಲ. ನಾನು ನೋಡುತ್ತಲೇ ಇದ್ದೆ. ಕೊನೆಗೆ ಸೆಂಚೋ-ಸಾನ್ ಚುಕ್ಕಾಣಿ ತಿರುಗಿಸಿ, ಬಂಡೆಯೊಂದರ ಮರೆಯಲ್ಲಿ ನೀರು ಹಿಮ್ಮುಖವಾಗಿ ಸುತ್ತುವ ಜಾಗಕ್ಕೆ ದೋಣಿಯನ್ನು ಸೇರಿಸಿ, ಎಂಜಿನ್ ತಗ್ಗಿಸಿ ಕಾದರು. ಈಚೆ ದಡ ತಲುಪಿದಾಗ ಹನ್ನೊಂದು ಐವತ್ತೈದು. ಅವರು ಕೇಳಿದಂತೆ ಕಾದು ಹೊರಟಿದ್ದರೂ ಅದೇ ಹೊತ್ತಿಗೆ ತಲುಪುತ್ತಿದ್ದೆವು.

ಬಸ್ಸು ಹೋಗಿತ್ತು. ಅಧಿಕಾರಿ ತಲೆಬಾಗಿ ಕಾರು ಹತ್ತಿದರು.

“ಹಲಗೆ ಇದ್ದಿದ್ರೆ ಇವತ್ತು ಆರೂ ಕಾಲಿನ ದೋಣಿ ಇರ್ತಿತ್ತು,” ಎಂದರು ತೋಟದಾಕೆ. ದೂರುವ ದನಿಯಾಗಿರಲಿಲ್ಲ. “ಬೇಗ ಹೋಗಿ ಆಸ್ಪತ್ರೇಲೇ ಕೂತ್ಕೋತಿದ್ದೆ. ಅಲ್ಲಿ ಟೀವಿ ಇದೆ.” ಅವರಿಗೆ ಮತ್ತೆ ಸರದಿ ಸಿಕ್ಕಿದ್ದು ಮೂರು ವಾರದ ಬಳಿಕ. ಅಂದು ಅವರು ನನ್ನ ಚೀಲಕ್ಕೆ ಉರುಳಿದ ಕಿತ್ತಳೆಗಳನ್ನೇ ತುಂಬಿ ಕಳುಹಿಸಿದರು. ಬೈದಿದ್ದರೆ ಉತ್ತರ ಕೊಡಲು ನನಗೆ ಬರುತ್ತಿತ್ತು.

ಆ ಸಂಜೆ ಫುಕುಯಾಮಾದ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂರಲಾರದೆ, ನಿಂತೇ ಗಂಡನಿಗೆ ಫೋನ್ ಮಾಡಿದೆ. ಮಗಳೇ ಎತ್ತಿದಳು. “ಮತಾ ಫುನೆ?” ಎಂದಳು, ಮತ್ತೆ ದೋಣಿಯಾ ಎಂದು. ಹೂಂ ಎಂದೆ. ಫೋನ್ ಅಪ್ಪನ ಕೈಗೆ ಹೋಯಿತು.

“ಐದು ಸಲ ಅಳೆದಿದೀನಿ ಕಣೋ. ಒಂದು ಸಲಾನೂ ಹೀಗಾಗಿರ್ಲಿಲ್ಲ.”

“ಯಾವ್ಯಾವ ಡೇಟ್ಸ್?”

“ಶನಿವಾರಗಳು. ಅಲ್ಲಿ ಕ್ಯಾಲೆಂಡರ್‌ನಲ್ಲಿ ಬರ್ದಿದೀಯಲ್ಲ.”

ನನ್ನ ಅತ್ತೆ ಪ್ರತಿ ವರ್ಷ ಮೈಸೂರಿನಿಂದ ಕಳುಹಿಸುವ ತೂಗು ಕ್ಯಾಲೆಂಡರ್ ನಮ್ಮ ಅಡುಗೆಮನೆಯಲ್ಲಿದೆ. ಅದರ ತಿಥಿ ನಕ್ಷತ್ರಗಳನ್ನು ನಾನು ಓದುವುದಿಲ್ಲ. ಗಂಡ ಅದರ ಮೇಲೆ ಕಸದ ದಿನಗಳನ್ನೂ ಮಗಳ ಈಜು ತರಗತಿಯನ್ನೂ ನಾನು ಮನೆಗೆ ಬಾರದ ಶನಿವಾರಗಳನ್ನೂ ಗುರುತು ಹಾಕಿಡುತ್ತಾನೆ. ಹಾಳೆ ತಿರುವುವ ಸದ್ದು ಕೇಳಿಸಿತು.

“ಒಂದ್ನಿಮಿಷ… ಹಳೇದೂ ಇಲ್ಲೇ ನೇತಾಡ್ತಿದೆ. ಫಸ್ಟ್ ಒಂದು ದಶಮಿ. ಆಮೇಲೆ ನವಮಿ. ಅಷ್ಟಮಿ, ಮತ್ತೆ ಅಷ್ಟಮಿ, ಕೊನೇದು ಸಪ್ತಮಿ. ಇವತ್ತು ಪಾಡ್ಯ, ನಿನ್ನೆ ಅಮಾವಾಸ್ಯೆ.” ಮತ್ತೊಮ್ಮೆ ಹಾಳೆ ತಿರುವಿ ಹೇಳಿದ: “ಅಲ್ಲ ಕಣೆ, ಉಬ್ಬರ ಅನ್ನೋದು ಮೂನ್ ಲೆಕ್ಕ ಅಲ್ವಾ? ನೀನು ಎರಡು ವಾರಕ್ಕೊಂದ್ಸಲ ಹೋಗ್ತಿದ್ದೆ. ಮೂನೂ ಹೆಚ್ಚುಕಮ್ಮಿ ಎರಡು ವಾರಕ್ಕೊಂದ್ಸಲ ಅಲ್ಲಿಗೇ ಬರುತ್ತೆ. ನೀನು ಒಂದೇ ದಿನಾನ ಐದು ಸಲ ಅಳೆದಿದೀಯ.”

ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೆಳವು ಉಕ್ಕುತ್ತದೆ, ಅಷ್ಟಮಿಯ ಸುತ್ತಮುತ್ತ ಸೊರಗುತ್ತದೆ. ಶಾಲೆಯಲ್ಲಿ ಓದಿದ್ದೆ. ನೀವು ಬರುವ ದಿನ ಸಮುದ್ರ ಚೆನ್ನಾಗಿರುತ್ತದೆ ಎಂದು ಸೆಂಚೋ-ಸಾನ್ ಐದು ಸಲವೂ ಇದ್ದದ್ದನ್ನೇ ಹೇಳಿದ್ದರು. ಅವರು ಸೆಳವನ್ನು ಓದಿ ಬರೆಯುತ್ತಿದ್ದ ಹೊತ್ತುಗಳನ್ನು ನಾನು ಮನಸ್ಸಿಗೆ ಬಂದಂತೆ ಬರೆದವೆಂದು ತಿಳಿದಿದ್ದೆ. ನನ್ನ ಎರಡು ವಾರದ ರೈಲು ಟಿಕೆಟ್ಟಿನ ಲಯವನ್ನು ಪುರಾವೆಯೆಂದು ತಿಳಿದಿದ್ದೆ.

“ಆ ಪಾರಿತೋಷಕ ವಾಪಸ್ ಕೊಡ್ಬೇಕಾಗುತ್ತಾ?” ಎಂದ ಗಂಡ. ನಗು ಬರಲಿಲ್ಲ. ಅವನಿಗೂ ಅದು ಗೊತ್ತಾಗಿ, ಊಟ ಮಾಡಿದೆಯಾ ಎಂದು ಕೇಳಿದ.

ಮಾರ್ಚ್ ಕೊನೆಗೆ ಆರು ವಾರವೂ ಇರಲಿಲ್ಲ. ಮರುದಿನವೇ ಅಧಿಕಾರಿಗೆ ಪತ್ರ ಬರೆದೆ. ನನ್ನ ಅಳತೆ ಏಕೆ ತಪ್ಪಾಯಿತು, ತಪ್ಪು ಕ್ಯಾಪ್ಟನ್ನರದಲ್ಲ ನನ್ನದು ಎಂದು ತಿಥಿಗಳ ಸಮೇತ ವಿವರಿಸಿದೆ. ಬಳಿಕ ಮನೆಗೆ ಹೋಗಬೇಕಿದ್ದ ಎರಡು ಶನಿವಾರಗಳಲ್ಲೂ ದ್ವೀಪಕ್ಕೇ ಹೋದೆ. ಮಗಳು ಒಂದು ವಾರ ಫೋನಿನಲ್ಲಿ ಮಾತನಾಡಲಿಲ್ಲ. ಸೆಳವು ಯಾವಾಗ ನಿಲ್ಲುವುದು, ಯಾವಾಗ ತಿರುಗುವುದು ಎಂಬುದೆಲ್ಲ ಇಡೀ ವರ್ಷಕ್ಕೆ ಮೊದಲೇ ಲೆಕ್ಕ ಹಾಕಿ ಅಚ್ಚಾಗುವ ಪುಸ್ತಕ ಜಪಾನಿನಲ್ಲಿದೆ. ಸೆಂಚೋ-ಸಾನ್‌ರ ಮನೆಯಲ್ಲಿ ಅದರ ಹಳೆಯ ಪ್ರತಿಗಳದೇ ಒಂದು ಕಪಾಟು. ನಾನು ಪುಸ್ತಕದಿಂದ ಹೊತ್ತು ಓದುತ್ತಿದ್ದೆ, ಅವರು ಪೆನ್ಸಿಲಿನಲ್ಲಿ ತಿದ್ದುತ್ತಿದ್ದರು.

“ಒಂಬತ್ತು ಇಪ್ಪತ್ತು.”

“ನಮ್ಮ ಇಕ್ಕಟ್ಟಲ್ಲಿ ಒಂಬತ್ತಕ್ಕೇ ನಿಲ್ಲುತ್ತೆ. ಒಂಬತ್ತು ಬರೀರಿ.”

“ಯಾವಾಗಲೂ ಇಪ್ಪತ್ತು ನಿಮಿಷ ಕಳೆಯಬೇಕೇ?”

“ಇಲ್ಲ. ಹುಣ್ಣಿಮೆ ಕಡೆ ಹದಿನೈದು.”

“ಕಾರಣ?”

“ಕಾರಣ ನೀವು ಹುಡುಕಿ, ಸೆನ್ಸೇ. ನಾನು ದೋಣಿ ಬಿಡ್ತೀನಿ.”

ಹನ್ನೆರಡು ತಿಂಗಳಿಗೆ ಹನ್ನೆರಡು ಪುಟವಾಯಿತು. ದಿನವೂ ಬದಲಾಗುವ, ಆದರೆ ವರ್ಷಕ್ಕೆ ಮೊದಲೇ ಗೊತ್ತಿರುವ ವೇಳಾಪಟ್ಟಿ. ಪುರಸಭೆಯ ಅರ್ಜಿಯಲ್ಲಿ ಹೊರಡುವ ಹೊತ್ತಿಗೆ ಇದ್ದದ್ದು ಒಂದೇ ಚೌಕ. ‘ಲಗತ್ತು ನೋಡಿ’ ಎಂದು ಬರೆದೆ. ಅಧಿಕಾರಿ ಹುಬ್ಬು ಗಂಟಿಕ್ಕಿ, ಇದಕ್ಕೆ ಪೂರ್ವನಿದರ್ಶನ ಇಲ್ಲ ಎಂದರು. ಟಿಪ್ಪಣಿ ಮಾಡಿಕೊಳ್ಳದೆ ಬಿಟ್ಟ ಮಾತು ಆಗ ನನ್ನ ನೆರವಿಗೆ ಬಂತು. ಕುರುಶಿಮಾದಲ್ಲಿ ದೊಡ್ಡ ದೊಡ್ಡ ಹಡಗುಗಳು ನೀರು ತಿರುಗಿದಾಗ ದಾರಿಯನ್ನೇ ಬದಲಿಸಬೇಕೆಂದು ನಿಮ್ಮ ಕಾನೂನೇ ಹೇಳುತ್ತದೆ. ಹದಿನಾಲ್ಕು ಜನ ಕೂರುವ ದೋಣಿ ಹೊರಡುವ ಹೊತ್ತನ್ನು ಬದಲಿಸಿದರೆ ಅದನ್ನು ಅನಿಯಮಿತ ಎನ್ನಲಾದೀತೇ ಎಂದು ಕೇಳಿದೆ. ಅವರು ಉತ್ತರಿಸಲಿಲ್ಲ. ಅದನ್ನು ಗೆಲುವೆಂದು ತಿಳಿಯುವ ಧೈರ್ಯ ಈ ಸಲ ನನಗಿರಲಿಲ್ಲ.

ಹದಿನೈದು ದಿನ ಯಾವ ಸುದ್ದಿಯೂ ಇಲ್ಲ. ಬಳಿಕ ಫೋನ್ ಬಂತು: ಹನ್ನೆರಡೂ ಪುಟಕ್ಕೆ ಕ್ಯಾಪ್ಟನ್ನರ ಮುದ್ರೆ ಬೇಕು, ಅನುಮತಿ ಒಂದು ವರ್ಷಕ್ಕೆ ಮಾತ್ರ.

ಒಂದು ವರ್ಷ. ಮುಂದಿನ ವರ್ಷದ ಪುಸ್ತಕ ಅಚ್ಚಾಗುತ್ತದೆ. ಅದನ್ನು ತಿದ್ದುವ ಪೆನ್ಸಿಲು ಎಪ್ಪತ್ತು ದಾಟಿದ ಒಬ್ಬರ ಕೈಯಲ್ಲಿದೆ. ಹದಿನೈದು, ಇಪ್ಪತ್ತು ನಿಮಿಷಗಳ ಆ ತಿದ್ದುಪಡಿಗಳಿಗೆ ಕಾರಣ ನಾನಿನ್ನೂ ಹುಡುಕುತ್ತಿದ್ದೇನೆ.

ಫುಕುಯಾಮಾದ ಕೆಲಸ ಮುಗಿದು ಗ್ಯೋಟೋಕುವಿಗೆ ಮರಳುವ ದಿನ ಹೇಳಿ ಬರಲೆಂದು ದ್ವೀಪಕ್ಕೆ ಹೋದೆ. ಹುಣ್ಣಿಮೆಯ ಮರುದಿನ. ಹೊಸ ಕನ್ನಡಕದ ತೋಟದಾಕೆ ನನ್ನ ಮುಖ ನೋಡಿ, ನೀವು ಇಷ್ಟು ತೆಳ್ಳಗಿದ್ದೀರೆಂದು ಗೊತ್ತೇ ಇರಲಿಲ್ಲ ಎಂದರು. ಮರಳುವಾಗ ದ್ವೀಪದ ಜೆಟ್ಟಿಗೆ ಬಂದೆ. ಪ್ಲಾಸ್ಟಿಕ್ ಹೊದಿಸಿದ ನಮ್ಮ ಪಟ್ಟಿ ಅಲ್ಲಿನ ಬಿಳಿ ಹಲಗೆಯ ಮೇಲೆ ಮೊಳೆ ಹೊಡೆಸಿಕೊಂಡು ನಿಂತಿತ್ತು. ಅದರ ಪ್ರಕಾರ ದೋಣಿಗೆ ಇನ್ನೂ ಎರಡು ಗಂಟೆ. ನಾನೇ ಬರೆದದ್ದು, ನೋಡದೆ ಬಂದಿದ್ದೆ. ಆಚೆ ದಡದಿಂದ ಬಸ್ಸು, ಬಸ್ಸಿನಿಂದ ರೈಲು, ರೈಲಿಗೆ ಕಾಯ್ದಿರಿಸಿದ ಟಿಕೆಟ್ಟು. ಇಕ್ಕಟ್ಟಿನಲ್ಲಿ ನೀರು ಮಡಚಿಕೊಂಡು ಹರಿಯುತ್ತಿತ್ತು.

ಸೆಂಚೋ-ಸಾನ್ ತಲೆಕೆಳಗಾದ ಕಿತ್ತಳೆ ಪೆಟ್ಟಿಗೆಯೊಂದನ್ನು ನನ್ನತ್ತ ಕಾಲಿನಿಂದ ತಳ್ಳಿದರು, ಕೂರಲೆಂದು. “ಇವತ್ತು ನೀವು ಒಳ್ಳೇ ದಿನ ಬಂದಿಲ್ಲ, ಸೆನ್ಸೇ,” ಎಂದರು.

ಕುಳಿತೆ. ಕೈ ತಾನಾಗಿ ಗಡಿಯಾರದ ಕಡೆ ಹೋಯಿತು. ರೈಲು ತಪ್ಪುತ್ತದೆಂದು ಮನೆಗೆ ತಿಳಿಸಿದೆ. ಮತ್ತೆ ಎದ್ದು, ಜೆಟ್ಟಿಯ ತುದಿಯವರೆಗೆ ನಡೆದು, ಕೆಂಪು ಶೆಡ್ಡಿನ ಹಿಂದೆ ಆ ಪೈನ್ ಮರ ಇಲ್ಲಿಂದ ಕಾಣುತ್ತದೆಯೇ ಎಂದು ನೋಡಿ ಬಂದೆ.